560001: ಬೆಂಗಳೂರಿನ ಮೊದಲ ಪಿನ್‌ಕೋಡ್ ಸಂಖ್ಯೆಯ ಗಣಿತ ಗುಣಗಳು – ಪದೇ ಪದೇ ಕೇಳುವ ಪ್ರಶ್ನೆಗಳು

560001 ಎಂಬ ಸಂಖ್ಯೆಯನ್ನೇ ಏಕೆ ಆರಿಸಿಕೊಳ್ಳಲಾಗಿದೆ?

ಇದು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್. ಲಕೋಟೆಗಳ ಮೇಲೆ, ಅಂಗಡಿ ಫಲಕಗಳ ಮೇಲೆ, ಸರ್ಕಾರಿ ಪತ್ರಗಳ ತಲೆಬರಹದಲ್ಲಿ ನಗರದ ಬಹುಪಾಲು ಜನ ಇದನ್ನು ನೋಡಿಯೇ ಇರುತ್ತಾರೆ. ಗಣಿತದಲ್ಲಿ ಹೆಸರು ಮಾಡಿದ ಸಂಖ್ಯೆಗಳು ಬೇರೆ ಇವೆ: ಶ್ರೀನಿವಾಸ ರಾಮಾನುಜನ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ 1729, ಡಿ. ಆರ್. ಕಾಪ್ರೇಕರ್ ಗುರುತಿಸಿದ 6174. ಅವು ತಮ್ಮ ಗುಣಗಳಿಂದಲೇ ಪ್ರಸಿದ್ಧವಾದವು. 560001 ಅನ್ನು ಮಾತ್ರ ಅಂಚೆ ವಿಂಗಡಣೆಯ ಅನುಕೂಲಕ್ಕಾಗಿ ಕೊಡಲಾಯಿತು. ಕೊಟ್ಟವರು ಅದರ ಅಪವರ್ತನಗಳನ್ನು ಯೋಚಿಸಿರುವ ಸಂಭವವಿಲ್ಲ. ಹೀಗೆ ಯಾವ ವಿಶೇಷವನ್ನೂ ನಿರೀಕ್ಷಿಸದೆ ಎತ್ತಿಕೊಂಡ ಸಂಖ್ಯೆಯೊಂದರಲ್ಲಿ ಕಾಗದ ಮತ್ತು ಪೆನ್ಸಿಲ್ ಹಿಡಿದು ಕುಳಿತರೆ ಏನೇನು ಸಿಗುತ್ತದೆ ಎಂಬುದೇ ಇಲ್ಲಿಯ ವಿಷಯ. ಸಿಗುವುದು ಕಡಿಮೆಯೇನಲ್ಲ.

ಪಿನ್‌ಕೋಡ್ ಒಂದು ಗುರುತು ಮಾತ್ರ. ಅದನ್ನು ಗುಣಿಸಿ ಭಾಗಿಸುವುದಕ್ಕೆ ಅರ್ಥವಿದೆಯೇ?

ಪ್ರಶ್ನೆ ನ್ಯಾಯವಾದದ್ದೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲ ಅಂಕಿ ವಲಯವನ್ನು, ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನು, ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಮಲ್ಲೇಶ್ವರದ 560003ಕ್ಕೆ ಬಸವನಗುಡಿಯ 560004 ಅನ್ನು ಕೂಡಿಸಿದರೆ ಯಾವ ಊರೂ ಬರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಗುಣಗಳು ಐದು ಲಕ್ಷ ಅರವತ್ತು ಸಾವಿರದ ಒಂದು ಎಂಬ ಪೂರ್ಣಾಂಕದವು. ಅಂಚೆ ಕಚೇರಿಗೂ ಅದರ ಸುತ್ತಲಿನ ಬೀದಿಗಳಿಗೂ ಇವು ಯಾವ ಶುಭವನ್ನೂ ಅಶುಭವನ್ನೂ ತರುವುದಿಲ್ಲ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಅದೃಷ್ಟ ಹೇಳುವ ಪದ್ಧತಿಗೂ ಇಲ್ಲಿಯ ಲೆಕ್ಕಕ್ಕೂ ಸಂಬಂಧವಿಲ್ಲ.

560001 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. ನೋಡುವುದಕ್ಕೆ ಮಾತ್ರ ಅವಿಭಾಜ್ಯದಂತೆ ಕಾಣುತ್ತದೆ: ಬೆಸ ಸಂಖ್ಯೆ, ಕೊನೆಯಲ್ಲಿ 5 ಇಲ್ಲ, ನಡುವೆ ಸಾಲು ಸೊನ್ನೆಗಳು. ಆದರೆ ಅಂಕಿಗಳ ಮೊತ್ತ 5 + 6 + 1 = 12 ಆಗಿರುವುದರಿಂದ ಅದು 3ರಿಂದ ಭಾಗವಾಗುತ್ತದೆ, ಮತ್ತು 12 ಎಂಬುದು 9ರ ಅಪವರ್ತ್ಯವಲ್ಲದ ಕಾರಣ 9ರಿಂದ ಭಾಗವಾಗುವುದಿಲ್ಲ. ಈ ಎರಡನೆಯ ಮಾತು ಮುಂದೆ ವರ್ಗಗಳ ಪ್ರಶ್ನೆಯಲ್ಲಿ ಮತ್ತೆ ಬೇಕಾಗುತ್ತದೆ.

7, 11, 13 ಈ ಮೂರನ್ನೂ ಒಂದೇ ಪೆಟ್ಟಿಗೆ ಪರೀಕ್ಷಿಸುವ ಉಪಾಯವೊಂದಿದೆ. 7 × 11 × 13 = 1001. ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಸೀಳಿ ವ್ಯತ್ಯಾಸ ತೆಗೆದರೆ ಸಾಕು. ಆ ವ್ಯತ್ಯಾಸ ಈ ಮೂರರಲ್ಲಿ ಯಾವುದರಿಂದ ಭಾಗವಾಗುತ್ತದೆಯೋ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಇಲ್ಲಿ 560 ಮತ್ತು 001. ವ್ಯತ್ಯಾಸ 559. ಏಕೆಂದರೆ 560001 ಎಂದರೆ 560 × 1001 − 559. ಈ 559 ಅನ್ನು 7ರಿಂದ ಭಾಗಿಸಿದರೆ ಶೇಷ 6, 11ರಿಂದ ಭಾಗಿಸಿದರೆ ಶೇಷ 9, ಆದರೆ 13ರಿಂದ ಭಾಗಿಸಿದರೆ ಸರಿಯಾಗಿ 43. ಹಾಗಾಗಿ 13 ಒಂದು ಅಪವರ್ತನ.

3 ಮತ್ತು 13 ಅನ್ನು ಹೊರತೆಗೆದರೆ ಉಳಿಯುವುದು 14,359. ಇದರ ವರ್ಗಮೂಲ 120ಕ್ಕಿಂತ ಸ್ವಲ್ಪ ಕಡಿಮೆ, ಏಕೆಂದರೆ 120ರ ವರ್ಗ 14,400. ಆದ್ದರಿಂದ 113ರವರೆಗಿನ ಅವಿಭಾಜ್ಯಗಳನ್ನು ಮಾತ್ರ ಪ್ರಯತ್ನಿಸಿದರೆ ಸಾಕಾಗುತ್ತದೆ. 17, 19, 23 ಎಂದು ಒಂದೊಂದಾಗಿ ಹತ್ತಿಕೊಂಡು ಹೋದರೆ ತಾಳ್ಮೆ ಸಾಕಷ್ಟು ಸವೆದ ಮೇಲೆ 83ರಲ್ಲಿ ಭಾಗಾಕಾರ ಶೇಷವಿಲ್ಲದೆ ಮುಗಿಯುತ್ತದೆ: 14,359 = 83 × 173. ಎರಡೂ ಅವಿಭಾಜ್ಯಗಳೇ. ಹೀಗೆ

560001 = 3 × 13 × 83 × 173.

ಅಂಕಗಣಿತದ ಮೂಲಭೂತ ಪ್ರಮೇಯದ ಪ್ರಕಾರ, ಕ್ರಮವನ್ನು ಬದಲಿಸುವುದನ್ನು ಬಿಟ್ಟರೆ, ಇದನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಲು ಬೇರೆ ದಾರಿಯಿಲ್ಲ. ಮುಂದಿನ ಬಹುಪಾಲು ಉತ್ತರಗಳು ಈ ಒಂದು ಸಾಲಿನಿಂದಲೇ ಹೊರಡುತ್ತವೆ.

ಇಷ್ಟೊಂದು ಭಾಗಾಕಾರವಿಲ್ಲದೆ ಅಪವರ್ತನಗಳನ್ನು ಕಂಡುಹಿಡಿಯಬಹುದೇ?

ಈ ಸಂಖ್ಯೆಯ ಮಟ್ಟಿಗೆ ಅತ್ಯಂತ ಸುಂದರವಾದ ದಾರಿಯೊಂದಿದೆ. 560001ಕ್ಕೆ ಹತ್ತು ಲಕ್ಷವನ್ನು ಕೂಡಿಸಿ ನೋಡಿ: 15,60,001. ಇದು ಪೂರ್ಣವರ್ಗ. 1250ರ ವರ್ಗ 15,62,500. ಅದರಿಂದ 2500 ಕಳೆದು 1 ಕೂಡಿಸಿದರೆ 1249ರ ವರ್ಗ 15,60,001 ಬರುತ್ತದೆ. ಹತ್ತು ಲಕ್ಷವೂ 1000ದ ವರ್ಗವೇ ಆಗಿರುವುದರಿಂದ

560001 = 1249² − 1000² = (1249 − 1000) × (1249 + 1000) = 249 × 2249.

ಇನ್ನು ಉಳಿದದ್ದು ಬಾಯಿಲೆಕ್ಕ: 249 ಎಂದರೆ 3 × 83, 2249 ಎಂದರೆ 13 × 173. ಇಡೀ ಪುಟದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಎಂಟನೆಯ ತರಗತಿಯ ಮಗು ಕಲಿಯುವ ನಿತ್ಯಸಮೀಕರಣವೊಂದು ಆರಂಕಿಯ ಸಂಖ್ಯೆಯನ್ನು ಎರಡು ಸಾಲುಗಳಲ್ಲಿ ಬಿಡಿಸಿಬಿಡುತ್ತದೆ.

ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ವಿಧಾನವೂ ಇದೇ ತತ್ವದ ಮೇಲೆ ನಿಂತಿದೆ. ಸಂಖ್ಯೆಯ ವರ್ಗಮೂಲಕ್ಕಿಂತ ತುಸು ದೊಡ್ಡ ಪೂರ್ಣಾಂಕದಿಂದ ಆರಂಭಿಸಿ, ಅದರ ವರ್ಗದಿಂದ ಮೂಲ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡುತ್ತಾ ಹೋಗಬೇಕು. 560001ರ ವರ್ಗಮೂಲ ಸುಮಾರು 748.33. ಹಾಗಾಗಿ 749ರಿಂದ ಆರಂಭ: 749² − 560001 = 1000, ಪೂರ್ಣವರ್ಗವಲ್ಲ. 750² − 560001 = 2499; 50ರ ವರ್ಗಕ್ಕೆ ಒಂದೇ ಒಂದು ಕಡಿಮೆ. ಈ ಒಂದರ ಕೊರತೆಗೆ ಕಾರಣವಿದೆ: ಪಕ್ಕದ ಸಂಖ್ಯೆಯಾದ 560000 ಎಂಬುದು 700 × 800, ಅಂದರೆ 750² − 50². ಅದರ ಪಾಲಿನ ವರ್ಗ ನಮ್ಮ ಸಂಖ್ಯೆಗೆ ಕೈತಪ್ಪಿ ಹೋಗುತ್ತದೆ. ಮುಂದುವರಿದರೆ 799ರ ಬಳಿ ಯಶಸ್ಸು ಸಿಗುತ್ತದೆ: 799² − 560001 = 78,400 = 280². ಇದರಿಂದ ಬರುವ ಜೋಡಿ 519 × 1079.

ವರ್ಗಗಳ ವ್ಯತ್ಯಾಸವಾಗಿ 560001 ಅನ್ನು ಒಟ್ಟು ಎಂಟು ಬಗೆಯಲ್ಲಿ ಬರೆಯಬಹುದು. ಪ್ರತಿಯೊಂದು ಬಗೆಯೂ ಒಂದು ಅಪವರ್ತನ ಜೋಡಿಗೆ ಸಮ, ಮತ್ತು ಅಂಥ ಜೋಡಿಗಳು ಎಂಟೇ ಇವೆ.

ಇದಕ್ಕೆ ಎಷ್ಟು ಭಾಜಕಗಳಿವೆ? ಅವುಗಳ ಮೊತ್ತ ಎಷ್ಟು?

ನಾಲ್ಕು ಬೇರೆ ಬೇರೆ ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು; ಹಾಗಾಗಿ 2 × 2 × 2 × 2 = 16 ಭಾಜಕಗಳು: 1, 3, 13, 39, 83, 173, 249, 519, 1079, 2249, 3237, 6747, 14,359, 43,077, 1,86,667 ಮತ್ತು 560001.

ಮೊತ್ತ ತೆಗೆಯಲು ಹದಿನಾರನ್ನೂ ಕೂಡಿಸಬೇಕಾಗಿಲ್ಲ. (1 + 3)(1 + 13)(1 + 83)(1 + 173) ಎಂಬ ಗುಣಲಬ್ಧವನ್ನು ಬಿಡಿಸಿದರೆ ಪ್ರತಿ ಭಾಜಕವೂ ಅದರಲ್ಲಿ ಒಮ್ಮೆ, ಒಂದೇ ಒಮ್ಮೆ, ಕಾಣಿಸಿಕೊಳ್ಳುತ್ತದೆ. 4 × 14 × 84 × 174 = 8,18,496. ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 2,58,495. ಈ ಮೊತ್ತ 560001ಕ್ಕೆ ಸಮವಾಗದೆ ಅದಕ್ಕಿಂತ ಕಡಿಮೆಯಿರುವುದರಿಂದ 560001 ಪರಿಪೂರ್ಣ ಸಂಖ್ಯೆಯಲ್ಲ, ಕೊರತೆಯ ಸಂಖ್ಯೆ.

560001ಕ್ಕಿಂತ ಚಿಕ್ಕದಾಗಿದ್ದು ಅದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳನ್ನೂ ಹೀಗೆಯೇ ಎಣಿಸಬಹುದು: 2 × 12 × 82 × 172 = 3,38,496. ಗಣಿತಜ್ಞ ಆಯ್ಲರ್ ಕೊಟ್ಟ ಈ ಎಣಿಕೆ ಮುಂದೆ ದಶಮಾಂಶದ ಪ್ರಶ್ನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಸಾಧ್ಯವಿಲ್ಲ, ಮತ್ತು ಸಾಧ್ಯವಿಲ್ಲವೆಂದು ಒಂದೂ ವರ್ಗವನ್ನು ಪರೀಕ್ಷಿಸದೆ ತೋರಿಸಬಹುದು. ಯಾವುದೇ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡರ ಶೇಷವೂ 0 ಆಗಿರಲೇಬೇಕು, ಏಕೆಂದರೆ 0 + 1 ಆಗಲಿ 1 + 1 ಆಗಲಿ 3ರ ಅಪವರ್ತ್ಯವಲ್ಲ. ಶೇಷ 0 ಇರುವ ವರ್ಗವು 9ರಿಂದಲೂ ಭಾಗವಾಗುತ್ತದೆ. ಆಗ ಮೊತ್ತವೂ 9ರಿಂದ ಭಾಗವಾಗಬೇಕು. ಆದರೆ 560001 ಎಂಬುದು 3ರಿಂದ ಭಾಗವಾಗಿ 9ರಿಂದ ಭಾಗವಾಗದ ಸಂಖ್ಯೆ ಎಂದು ಮೊದಲೇ ನೋಡಿದ್ದೇವೆ. ಅಲ್ಲಿಗೆ ವಾದ ಮುಗಿಯಿತು.

ಮೂರು ವರ್ಗಗಳಾದರೆ ಸಾಧ್ಯ. ಲೆಜಾಂಡ್ರ್ ಪ್ರಮೇಯದ ಪ್ರಕಾರ, 8ರಿಂದ ಭಾಗಿಸಿದಾಗ ಶೇಷ 7 ಬರುವ ಸಂಖ್ಯೆಗಳು ಮತ್ತು ಅವುಗಳನ್ನು 4, 16, 64 ಮೊದಲಾದ 4ರ ಘಾತಗಳಿಂದ ಗುಣಿಸಿ ಬರುವ ಸಂಖ್ಯೆಗಳಿಗೆ ಮಾತ್ರ ಮೂರು ವರ್ಗಗಳು ಸಾಲುವುದಿಲ್ಲ. ನಮ್ಮ ಸಂಖ್ಯೆಯ ಶೇಷ 1. ಒಂದು ಉದಾಹರಣೆ: 746² + 59² + 2² = 5,56,516 + 3481 + 4 = 560001.

1 ಅನ್ನು 560001ರಿಂದ ಭಾಗಿಸಿದರೆ ಬರುವ ದಶಮಾಂಶ ಎಷ್ಟು ಅಂಕಿಗಳ ನಂತರ ಮರುಕಳಿಸುತ್ತದೆ?

10,578 ಅಂಕಿಗಳ ನಂತರ. ಇದರ ವಿವರಣೆಗೆ ಸ್ವಲ್ಪ ಜಾಗ ಬೇಕು.

ಮೊದಲು ಪಕ್ಕದ 560000 ಅನ್ನು ನೋಡೋಣ. ಅದು 2⁷ × 5⁴ × 7. 1 ÷ 560000 = 0.0000017 857142 857142… ಎಂದು ಸಾಗುತ್ತದೆ. ಮೊದಲ ಏಳು ಅಂಕಿಗಳು 2 ಮತ್ತು 5ರ ಘಾತಗಳಿಂದಾಗಿ ಬಂದವು, ಅವು ಮರುಕಳಿಸುವುದಿಲ್ಲ. ಆಮೇಲೆ 7ರ ಪರಿಚಿತ ಆರು ಅಂಕಿಗಳ ಚಕ್ರ ಸುತ್ತುತ್ತಲೇ ಇರುತ್ತದೆ. ಛೇದಕ್ಕೆ ಒಂದನ್ನು ಕೂಡಿಸಿದೊಡನೆ 1 ÷ 560001 = 0.00000178571109694… ಆಗುತ್ತದೆ. ಮೊದಲ ಅಂಕಿಗಳು ಎರಡರಲ್ಲೂ ಒಂದೇ. 178571ರ ನಂತರ ಒಂದರಲ್ಲಿ 4, ಇನ್ನೊಂದರಲ್ಲಿ 1. ಅಲ್ಲಿಂದಾಚೆಗೆ ಎರಡರ ದಾರಿಯೂ ಬೇರೆ.

560001ರಲ್ಲಿ 2 ಅಥವಾ 5 ಅಪವರ್ತನವಾಗಿ ಇಲ್ಲದ ಕಾರಣ ದಶಮಾಂಶ ಬಿಂದುವಿನಿಂದಲೇ ಆವರ್ತ ಆರಂಭವಾಗುತ್ತದೆ. ಆವರ್ತದ ಉದ್ದವನ್ನು ಅಪವರ್ತನಗಳು ನಿರ್ಧರಿಸುತ್ತವೆ. 1/3ರ ಆವರ್ತ 1 ಅಂಕಿಯದು, 1/13ರದು 6 ಅಂಕಿಗಳದು (076923), 1/83ರದು 41 ಅಂಕಿಗಳದು, 1/173ರದು 43 ಅಂಕಿಗಳದು. ನಾಲ್ಕೂ ಚಕ್ರಗಳು ಒಟ್ಟಿಗೆ ಆರಂಭದ ಸ್ಥಾನಕ್ಕೆ ಮರಳುವುದು 1, 6, 41, 43 ಇವುಗಳ ಲ.ಸಾ.ಅ. ಆದಾಗ. 41 ಮತ್ತು 43 ಎರಡೂ ಅವಿಭಾಜ್ಯ. ಯಾವುದಕ್ಕೂ 6ರೊಂದಿಗೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಏನೂ ಕಡಿತವಾಗದೆ 6 × 41 × 43 = 10,578.

ಉತ್ತರವನ್ನು ತಾಳೆ ನೋಡಲು ಆಯ್ಲರ್ ಪ್ರಮೇಯವಿದೆ: ಆವರ್ತದ ಉದ್ದವು ಮೇಲೆ ಎಣಿಸಿದ 3,38,496 ಅನ್ನು ಶೇಷವಿಲ್ಲದೆ ಭಾಗಿಸಲೇಬೇಕು. 3,38,496 ÷ 10,578 = 32. ಸರಿಯಾಗಿ ಕೂಡುತ್ತದೆ. ಛೇದದಲ್ಲಿ ಒಂದರಷ್ಟು ಬದಲಾವಣೆಯಾದರೆ ಆವರ್ತ ಆರು ಅಂಕಿಗಳಿಂದ ಹತ್ತು ಸಾವಿರ ದಾಟುತ್ತದೆ ಎಂಬ ಈ ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪರಿಮಾಣದಲ್ಲಿ ಅಕ್ಕಪಕ್ಕದಲ್ಲಿರುವ ಸಂಖ್ಯೆಗಳು ಗುಣದಲ್ಲಿ ಇಷ್ಟು ದೂರವಿರಬಹುದು.

ತಿರುಗಿಸಿ ಬರೆದರೆ ಏನಾಗುತ್ತದೆ?

100065 ಆಗುತ್ತದೆ. ಎರಡನ್ನೂ ಕೂಡಿಸಿದರೆ 660066. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅನೇಕ ಸಂಖ್ಯೆಗಳಿಗೆ ಈ ತಿರುಗಿಸಿ ಕೂಡಿಸುವ ಕ್ರಿಯೆಯನ್ನು ಹಲವು ಸಲ ಮಾಡಬೇಕಾಗುತ್ತದೆ. ಇಲ್ಲಿ ಕೂಡುವಾಗ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯುವ ಪ್ರಸಂಗವೇ ಬರದ ಕಾರಣ ಮೊದಲ ಸಲಕ್ಕೇ ಕೆಲಸ ಮುಗಿಯುತ್ತದೆ. 660066 ಎಂದರೆ 66 × 10,001, ಮತ್ತು 10,001 = 73 × 137. ಜ್ಞಾನಭಾರತಿಯ ಪಿನ್‌ಕೋಡ್ 560056 ಕೂಡ 56 × 10,001 ಆಗಿದ್ದು, ಅದೇ 73 ಮತ್ತು 137 ಅಲ್ಲಿಯೂ ಅಡಗಿವೆ.

ಇಂಥ ಸಮಮಿತಿಯ ಸಂಖ್ಯೆಗಳ ಮೇಲಿನ ಪ್ರೀತಿ ಈ ನೆಲಕ್ಕೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ, ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಎಂಬ ಸಂಖ್ಯೆಯನ್ನು ವರ್ಣಿಸಿದ್ದಾನೆ. ಅದು 111111ರ ವರ್ಗ.

ಕಂಪ್ಯೂಟರಿನಲ್ಲಿ ಇದು ಹೇಗೆ ಕಾಣುತ್ತದೆ?

ದ್ವಿಮಾನ ಪದ್ಧತಿಯಲ್ಲಿ 10001000101110000001. ಇಪ್ಪತ್ತು ಬಿಟ್‌ಗಳು, ಅವುಗಳಲ್ಲಿ ಏಳು ಒಂದುಗಳು.

ಅಪವರ್ತನಗಳನ್ನು ಕಂಡುಹಿಡಿಯುವುದು ಕಷ್ಟವೆಂದೇ ಬ್ಯಾಂಕಿನ ಗುಟ್ಟುಗಳು ಸುರಕ್ಷಿತ ಎನ್ನುತ್ತಾರೆ. 560001 ಅಂಥ ಕೆಲಸಕ್ಕೆ ಬರುತ್ತದೆಯೇ?

ಬರುವುದಿಲ್ಲ, ತೀರಾ ಚಿಕ್ಕದು. 748ಕ್ಕಿಂತ ಕೆಳಗಿನ ಅವಿಭಾಜ್ಯಗಳು ಕೇವಲ 132. ಅಷ್ಟನ್ನು ಪ್ರಯತ್ನಿಸಿದರೆ ಈ ಗಾತ್ರದ ಯಾವ ಸಂಖ್ಯೆಯ ಗುಟ್ಟೂ ಬಯಲಾಗುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ರೂಪಿಸಿದ, ಸಂದೇಶಗಳನ್ನು ಗುಟ್ಟಾಗಿಡುವ ಆರ್‌ಎಸ್‌ಎ ಪದ್ಧತಿಯಲ್ಲಿ ಇಂದು ಸಾಮಾನ್ಯವಾಗಿ ಬಳಸುವ 2048 ಬಿಟ್‌ಗಳ ಸಂಖ್ಯೆಗೆ ನಮ್ಮ ದಶಮಾನ ಪದ್ಧತಿಯಲ್ಲಿ 617 ಅಂಕಿಗಳು ಬೇಕು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಸಂಖ್ಯೆ ಅವಿಭಾಜ್ಯವೇ ಎಂದು ತೀರ್ಮಾನಿಸುವುದು ಒಂದು ಕೆಲಸ, ಅಲ್ಲದಿದ್ದರೆ ಅದರ ಅಪವರ್ತನಗಳನ್ನು ತೆಗೆದು ತೋರಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಅಂಕಿಗಳ ಎಣಿಕೆಗೆ ಹೋಲಿಸಿದರೆ ಮಿತವಾಗಿಯೇ ಬೆಳೆಯುವ ಸಮಯದಲ್ಲಿ, ಯಾವ ಊಹೆಯ ಆಸರೆಯೂ ಇಲ್ಲದೆ ಮಾಡಬಹುದೆಂದು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಸಾಧಿಸಿ ತೋರಿಸಿದರು. ಎರಡನೆಯದಕ್ಕೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅಂಥ ವೇಗದ ವಿಧಾನ ಇನ್ನೂ ಯಾರಿಗೂ ಸಿಕ್ಕಿಲ್ಲ.

ನಮ್ಮ ಬಡಾವಣೆಯ ಪಿನ್‌ಕೋಡ್ ಅವಿಭಾಜ್ಯವೇ ಎಂದು ತಿಳಿಯುವುದು ಹೇಗೆ?

ಪ್ರತಿ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಭಾಗಿಸುವ ಅಗತ್ಯವಿಲ್ಲ. 560000 ಅನ್ನು ಒಮ್ಮೆ ಭಾಗಿಸಿ ಶೇಷವನ್ನು ಬರೆದಿಟ್ಟುಕೊಂಡರೆ, ಮುಂದೆ ಕೊನೆಯ ಎರಡು ಅಂಕಿಗಳನ್ನು ಮಾತ್ರ ನೋಡಿದರಾಯಿತು. 560000 ಎಂಬುದು 7ರಿಂದ ಪೂರ್ತಿ ಭಾಗವಾಗುತ್ತದೆ. ಆದ್ದರಿಂದ ಕೊನೆಯ ಎರಡು ಅಂಕಿಗಳು 7ರ ಅಪವರ್ತ್ಯವಾದಾಗ ಮಾತ್ರ ಇಡೀ ಸಂಖ್ಯೆ 7ರಿಂದ ಭಾಗವಾಗುತ್ತದೆ. ರಾಜರಾಜೇಶ್ವರಿ ನಗರದ 560098 ಹಾಗೆ 7 × 80,014. 11ರಿಂದ ಭಾಗಿಸಿದರೆ 560000ಕ್ಕೆ ಶೇಷ 1; ಅದನ್ನು ತುಂಬಿಕೊಡಲು ಕೊನೆಯ ಅಂಕಿಗಳಿಗೆ ಶೇಷ 10 ಇರಬೇಕು, ರಾಜಾಜಿನಗರದ 560010ರಂತೆ. 13ರಿಂದ ಭಾಗಿಸಿದರೆ ಶೇಷ 12. ಹಾಗಾಗಿ ಕೊನೆಯ ಅಂಕಿಗಳ ಶೇಷ 1 ಆಗಬೇಕು: 01, 14, 27, 40, 53, 66, 79, 92. ವೈಟ್‌ಫೀಲ್ಡಿನ 560066 ಈ ಸಾಲಿನದು. 3ಕ್ಕೂ ಇದೇ ರೀತಿ, ಕೊನೆಯ ಅಂಕಿಗಳ ಶೇಷ 1.

ಈ ಜರಡಿಯನ್ನು 743ರವರೆಗಿನ ಎಲ್ಲ ಅವಿಭಾಜ್ಯಗಳಿಗೂ ಹಿಡಿದರೆ 560001ರಿಂದ 560099ರವರೆಗಿನ ಸಂಖ್ಯೆಗಳಲ್ಲಿ ಒಂಬತ್ತು ಮಾತ್ರ ಉಳಿಯುತ್ತವೆ: 560017, 560023, 560029, 560039, 560047, 560081, 560083, 560089, 560093. ಅಂದರೆ ವಿಮಾನಪುರ, ಮಾಗಡಿ ರಸ್ತೆ, ನಿಮ್ಹಾನ್ಸ್ ಇರುವ ಪ್ರದೇಶ, ವಿವೇಕನಗರ, ಬನ್ನೇರುಘಟ್ಟ, ಸಿ. ವಿ. ರಾಮನ್ ನಗರ ಮುಂತಾದ ಕಡೆಯವರ ಪಿನ್‌ಕೋಡ್ ಅವಿಭಾಜ್ಯ. ಮೊದಲ ಮೂರು ಆರಾರು ಅಂತರದಲ್ಲಿ ಸಮಾಂತರ ಶ್ರೇಢಿಯಲ್ಲಿವೆ. 560081 ಮತ್ತು 560083 ಎರಡೇ ಅಂತರದಲ್ಲಿರುವ ಅವಳಿ ಅವಿಭಾಜ್ಯಗಳು. ಅಂಥ ಜೋಡಿಗಳು ಅನಂತವಾಗಿವೆಯೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ.

ಒಂಬತ್ತು ಎಂಬುದು ನಿರೀಕ್ಷೆಗಿಂತ ತುಸು ಹೆಚ್ಚು. 1896ರಲ್ಲಿ ಸಾಧಿತವಾದ ಅವಿಭಾಜ್ಯ ಸಂಖ್ಯಾ ಪ್ರಮೇಯದ ಪ್ರಕಾರ ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೆ ಒಂದು ಅವಿಭಾಜ್ಯ. ಆ ಲೆಕ್ಕಕ್ಕೆ ತೊಂಬತ್ತೊಂಬತ್ತರಲ್ಲಿ ಏಳೆಂಟು ಇದ್ದರೆ ಸಾಕಿತ್ತು.

ಅವಿಭಾಜ್ಯವಲ್ಲದ ಪಿನ್‌ಕೋಡ್‌ಗಳಲ್ಲಿ ಗಮನಿಸಬೇಕಾದವು ಯಾವುವು?

ಮಲ್ಲೇಶ್ವರದ 560003 ಕೈಗೆ ಸುಲಭವಾಗಿ ಸಿಗುವುದಿಲ್ಲ. 257 × 2179 ಎಂದು ಎರಡೇ ದೊಡ್ಡ ಅವಿಭಾಜ್ಯಗಳಾಗಿ ಒಡೆಯುತ್ತದೆ. ಜಯನಗರದ 560011 ಕೂಡ ಹಾಗೆಯೇ, 103 × 5437. ಬಸವನಗುಡಿಯ 560004 = 2² × 3 × 23 × 2029. ಭಾರತೀಯ ವಿಜ್ಞಾನ ಸಂಸ್ಥೆಯ 560012 = 2² × 191 × 733. ಚಿಕ್ಕಪೇಟೆಯ 560053 = 13 × 67 × 643. ಬೊಮ್ಮಸಂದ್ರದ 560099 = 17 × 47 × 701; ಇಲ್ಲಿಯ 17 × 47 ಎಂಬುದು ಫರ್ಮಾ ವಿಧಾನದಲ್ಲಿ ನಮಗೆ ಯಶಸ್ಸು ತಂದ ಅದೇ 799. ಎಲೆಕ್ಟ್ರಾನಿಕ್ ಸಿಟಿಯ 560100 = 2² × 3 × 5² × 1867.